ಹೋಂಸ್ಟೇ ಡೊಮೇನ್ ರಿನ್ಯೂ ಮಾಡಬೇಕಾ, ಬಿಟ್ಟುಬಿಡಲಾ?

ಆಲ್ದೂರು_ತೋಟ | ಭಾನುವಾರ, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ಆಲ್ದೂರು ಕಡೆ ನಮ್ಮದು ಸಣ್ಣ ಕಾಫಿ ತೋಟ, ಜೊತೆಗೆ ನಾಲ್ಕು ರೂಮಿನ ಹೋಂಸ್ಟೇ. ಸ್ವಲ್ಪ ಕಾಫಿ ಪುಡಿಯನ್ನೂ ಪ್ಯಾಕ್ ಮಾಡಿ ಕೊರಿಯರ್‌ನಲ್ಲಿ ಕಳಿಸುತ್ತೇವೆ. 2013ರಲ್ಲಿ ಅಪ್ಪ ಒಬ್ಬ ಹುಡುಗನ ಕೈಲಿ ವೆಬ್‌ಸೈಟ್ ಮಾಡಿಸಿದರು. ಡಾಟ್ ಕಾಮ್ ವಿಳಾಸ. ಅದರಲ್ಲಿ ಊರಿನ ಹೆಸರೂ ಇದೆ, ಆಗಿನ ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ. ಮರುವರ್ಷ ನವೆಂಬರ್ 1ಕ್ಕೆ ಸರ್ಕಾರ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿಸಿತಲ್ಲ, ಆ ಪಟ್ಟಿಯಲ್ಲಿ ಚಿಕ್ಕಮಗಳೂರೂ ಇತ್ತು. ಒಂದು ‘ಕೆ’, ಒಂದು ‘ಎ’, ಕೊನೆಗೊಂದು ‘ಯು’ ಸೇರಿಕೊಂಡವು. ನಮ್ಮ ವೆಬ್‌ಸೈಟ್ ಮಾತ್ರ ಹಳೇ ಊರಲ್ಲೇ ಉಳಿಯಿತು.

ಮುಂದಿನ ತಿಂಗಳು ಡೊಮೇನ್, ಅಂದರೆ ಆ ವಿಳಾಸದ ಹೆಸರಿನ ಅವಧಿ ಮುಗಿಯುತ್ತದೆ. ಆ ಹುಡುಗ ಪ್ರತಿ ವರ್ಷ ವಾಟ್ಸಾಪ್‌ನಲ್ಲಿ ಬಿಲ್ ಹಾಕುತ್ತಾನೆ, ಅಪ್ಪ ಕಟ್ಟುತ್ತಾರೆ. ಈ ಸಲ ಹೋಸ್ಟಿಂಗ್ (ಸೈಟ್ ಇಡುವ ಜಾಗದ ಬಾಡಿಗೆ) ಸೇರಿ 6,000 ರೂಪಾಯಿ. ಕಳೆದ ಸೀಸನ್‌ನಲ್ಲಿ ಬಂದ ಗೆಸ್ಟ್‌ಗಳನ್ನೆಲ್ಲ ನಾನೇ ಕೇಳಿದೆ, ಹೇಗೆ ಗೊತ್ತಾಯಿತು ಅಂತ. ಮ್ಯಾಪ್ ನೋಡಿ ಬಂದವರು, ರೀಲ್ ನೋಡಿ ಬಂದವರು, ಸ್ನೇಹಿತರು ನಂಬರ್ ಕೊಟ್ಟಿದ್ದಕ್ಕೆ ಬಂದವರು. ವೆಬ್‌ಸೈಟ್ ನೋಡಿ ಬಂದೆ ಅಂದವರು ಒಬ್ಬರೇ. ಅವರೂ ಅಪ್ಪನ ಹಳೇ ಪರಿಚಯದವರು.

ಬಿಟ್ಟುಬಿಡೋಣ ಅಂದರೆ ಅಪ್ಪ ಒಪ್ಪುತ್ತಿಲ್ಲ. ಗೇಟಿನ ಹತ್ತಿರ ದೊಡ್ಡ ಬೋರ್ಡಿನಲ್ಲಿ ಆ ವಿಳಾಸ ಬರೆಸಿದ್ದಾರೆ. ಪೇಂಟರ್ ಡಾಟ್ ಬದಲು ಅಲ್ಪವಿರಾಮ ಹಾಕಿಹೋಗಿದ್ದಾನೆ, ಆ ಮಾತು ಬೇರೆ. ನೀವೆಲ್ಲ ಏನು ಹೇಳುತ್ತೀರಿ?

ಗಿರಿ_ರೈಡರ್ | ಭಾನುವಾರ, ರಾತ್ರಿ 9.22

ಸುಮ್ನೆ ದಂಡ. ಆ 6,000ಕ್ಕೆ ಒಂದು ಒಳ್ಳೇ ರೀಲ್ ಮಾಡಿಸಿ. ವಾರಾಂತ್ಯಕ್ಕೆ ರೂಮ್ ಖಾಲಿ ಇರುವುದಿಲ್ಲ.

ಹಾಸನ_ಇಂಜಿನಿಯರಿಂಗ್ | ಭಾನುವಾರ, ರಾತ್ರಿ 9.45

ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮ ಕ್ಲಾಸಿನಲ್ಲಿ ಪೂರ್ತಿ ವಿಳಾಸ ಟೈಪ್ ಮಾಡುವವರು ಯಾರೂ ಇಲ್ಲ. ರಿಸಲ್ಟ್ ನೋಡುವುದಕ್ಕೂ ಯೂನಿವರ್ಸಿಟಿ ಹೆಸರು ಹೊಡೆದು ಮೊದಲು ಬಂದ ಲಿಂಕ್ ಒತ್ತುವುದೇ. ನಮ್ಮ ಅಮ್ಮ ಇನ್ನೂ ಮೇಲೆ, ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ ಇಂದ ಡಾಟ್ ಕಾಮ್ ತನಕ ಇಡೀ ವಿಳಾಸವನ್ನು ಗೂಗಲ್ ಬಾಕ್ಸಿನೊಳಗೆ ಹಾಕಿ ಹುಡುಕುತ್ತಾರೆ!

ಆದರೆ ಒಂದು ಅನುಭವ ಹೇಳುತ್ತೇನೆ ಸರ್. ಕಾಲೇಜು ಫೆಸ್ಟ್‌ಗೆ ಪೋಸ್ಟರ್ ಮಾಡಿದ್ದೆವು. ಯಾವುದೋ ಫ್ರೀ ಸೈಟಿನಲ್ಲಿ ಕ್ಯೂಆರ್ ಕೋಡ್ ಮಾಡಿ ಅಂಟಿಸಿದೆವು. ಆ ಕೋಡ್ ನಮ್ಮ ಫಾರ್ಮ್‌ಗೆ ನೇರವಾಗಿ ಹೋಗುತ್ತಿರಲಿಲ್ಲ, ಆ ಸೈಟಿನ ವಿಳಾಸದ ಮೂಲಕ ಸುತ್ತಿಕೊಂಡು ಹೋಗುತ್ತಿತ್ತು. ಎರಡು ವಾರಕ್ಕೆ ಟ್ರಯಲ್ ಮುಗಿಯಿತು. ಫೆಸ್ಟ್ ದಿನ ಸ್ಕ್ಯಾನ್ ಮಾಡಿದವರಿಗೆಲ್ಲ ‘ದುಡ್ಡು ಕಟ್ಟಿ’ ಅಂತ ಬಂತು. ಕಪ್ಪು ಬಿಳಿ ಚೌಕದೊಳಗೂ ಇರುವುದು ಒಂದು ವಿಳಾಸವೇ ಅಂತ ನನಗೆ ಆವತ್ತೇ ಹೊಳೆದಿದ್ದು.

ಮೂಡಿಗೆರೆ_ಟು_ಬೆಂಗಳೂರು | ಸೋಮವಾರ, ಬೆಳಿಗ್ಗೆ 7.30

ಬಸ್ಸಿನಲ್ಲಿ ಕೂತಿದ್ದೇನೆ, ಟೈಮ್ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ. ಇದೇ ನನ್ನ ಹೊಟ್ಟೆಪಾಡಿನ ಕೆಲಸ.

ನಿಮ್ಮ ಫೋನಿನಲ್ಲಿ ‘ಜೀಪ್ ಮಂಜಣ್ಣ’ ಅಂತ ಸೇವ್ ಮಾಡಿಟ್ಟಿರುತ್ತೀರಿ. ಅವರ ನಂಬರ್ ನಿಮಗೆ ಬಾಯಿಗೆ ಬರುವುದಿಲ್ಲ. ನಾಳೆ ಅವರು ಸಿಮ್ ಬದಲಾಯಿಸಿದರೆ ಹೆಸರು ಅದೇ ಇಟ್ಟುಕೊಂಡು ನಂಬರ್ ಮಾತ್ರ ತಿದ್ದುತ್ತೀರಿ. ಡೊಮೇನ್ ಅಂದರೆ ಇಷ್ಟೇ, ಕಂಪ್ಯೂಟರಿನ ನಂಬರಿಗೆ ಇಟ್ಟ ಹೆಸರು. ಮೊದಲು ಇಡೀ ನೆಟ್‌ವರ್ಕಿಗೆ ಹೆಸರು, ನಂಬರಿನ ಒಂದೇ ಒಂದು ಪಟ್ಟಿ ಇತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಕಂಪ್ಯೂಟರ್ ಬಂದರೆ ಅವರಿಗೆ ಹೇಳಬೇಕು, ಅವರು ಫೈಲಿಗೆ ಸೇರಿಸಬೇಕು, ಉಳಿದವರೆಲ್ಲ ಆ ಫೈಲ್ ಇಳಿಸಿಕೊಳ್ಳಬೇಕು. ಕಂಪ್ಯೂಟರ್ ಜಾಸ್ತಿ ಆದಂತೆ ಅದು ಕೈಮೀರಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಈಗಿನ ಪದ್ಧತಿ ಮಾಡಿದರು. ಪಟ್ಟಿಯನ್ನು ಹಂಚಿಬಿಟ್ಟರು. ಡಾಟ್ ಕಾಮ್ ಒಬ್ಬರು ನೋಡಿಕೊಳ್ಳಲಿ, ಅದರೊಳಗಿನ ಹೆಸರನ್ನು ಹೆಸರಿಟ್ಟವರು ನೋಡಿಕೊಳ್ಳಲಿ ಅಂತ. 1985ರ ಮಾರ್ಚ್ 15ಕ್ಕೆ ಸಿಂಬಾಲಿಕ್ಸ್ ಅನ್ನುವ ಕಂಪನಿ ಮೊದಲ ಡಾಟ್ ಕಾಮ್ ತೆಗೆದುಕೊಂಡಿತು. 1995ರವರೆಗೆ ಹೆಸರಿಗೆ ದುಡ್ಡೇ ಇರಲಿಲ್ಲ. ಆಮೇಲೆ ಎರಡು ವರ್ಷಕ್ಕೆ 100 ಡಾಲರ್ ಅಂತ ಮಾಡಿದರು.

ಅಲ್ಲಿಂದ ಶುರುವಾಯಿತು ನೋಡಿ ಹುಚ್ಚು. 1999ರಲ್ಲಿ ಬಿಸಿನೆಸ್ ಡಾಟ್ ಕಾಮ್ 75 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಯಾಕೆ? ಆಗ ಜನ ಒಂದು ಪದ ಹೊಡೆದು ಮುಂದೆ ಡಾಟ್ ಕಾಮ್ ಸೇರಿಸಿ ಅದೃಷ್ಟ ನೋಡುತ್ತಿದ್ದರು. ಒಳ್ಳೇ ಪದ ನಿಮ್ಮ ಕೈಲಿದ್ದರೆ ಬಸ್‌ಸ್ಟ್ಯಾಂಡ್ ಎದುರು ಅಂಗಡಿ ಸಿಕ್ಕ ಹಾಗೆ. ನಮ್ಮೂರ ಕಾಫಿಗೂ ಆ ಕಾಲಕ್ಕೂ ಒಂದು ನಂಟಿದೆ. ಕಾಫಿ ಡೇ ಮೊದಲ ಅಂಗಡಿ 1996ರಲ್ಲಿ ಬ್ರಿಗೇಡ್ ರೋಡಿನಲ್ಲಿ ಶುರುವಾಗಿದ್ದು ಸೈಬರ್ ಕೆಫೆ ಆಗಿ. ವಿಳಾಸವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಟೈಪ್ ಮಾಡುತ್ತಿದ್ದ ಕಾಲ ಅದು.

ಆಮೇಲೆ ಹುಡುಕುವುದು ಸುಲಭವಾಯಿತು. 2008ರಲ್ಲಿ ಕ್ರೋಮ್ ಬ್ರೌಸರ್ ಬಂದಾಗ ವಿಳಾಸ ಹಾಕುವ ಬಾಕ್ಸ್, ಹುಡುಕುವ ಬಾಕ್ಸ್ ಎರಡನ್ನೂ ಒಂದೇ ಮಾಡಿತು. ಫೋನ್ ಬಂತು, ಆಪ್ ಬಂತು. ಇತ್ತ ಹೆಸರಿನ ಕೊನೆಯ ಡಾಟ್ ಕಾಮ್ ಥರದ ಬಾಲಗಳೂ ಹೆಚ್ಚಿದವು. 2012ರಲ್ಲಿ ಹೊಸ ಬಾಲ ಬೇಕೆನ್ನುವವರು ಅರ್ಜಿ ಹಾಕಿ ಅಂದಾಗ 1,930 ಅರ್ಜಿ ಬಂದವು. ಒಂದೊಂದು ಅರ್ಜಿಗೂ 1,85,000 ಡಾಲರ್ ಶುಲ್ಕ! ಈಗ ಡಾಟ್ ಶಾಪ್, ಡಾಟ್ ಆನ್‌ಲೈನ್, ಏನು ಬೇಕು ಕೇಳಿ. ಎಐ ಕಂಪನಿಗಳೆಲ್ಲ ಮುಗಿಬಿದ್ದು ತೆಗೆದುಕೊಳ್ಳುವ ಡಾಟ್ ಎಐ ಇದೆಯಲ್ಲ, ಅದು ಕೆರೀಬಿಯನ್ ಸಮುದ್ರದ ಅಂಗ್ವಿಲಾ ಅನ್ನುವ ಪುಟ್ಟ ದ್ವೀಪದ ಬಾಲ. ಕೂತಲ್ಲೇ ದುಡ್ಡು ಬರುತ್ತಿದೆ ಅವರಿಗೆ. ಪುಣ್ಯವಂತರು.

ಅಂದರೆ ಗೆಸ್ಟ್ ನಿಮ್ಮನ್ನು ಹುಡುಕಿಕೊಂಡು ಬರುವುದಕ್ಕೆ ಡೊಮೇನ್ ಬೇಕಾಗಿಲ್ಲ, ಅಲ್ಲಿಗೆ ರೈಡರ್ ಹೇಳಿದ್ದು ಸರಿ. ಆದರೆ ಬಿಡುವ ಮೊದಲು ಒಂದು ಪ್ರಶ್ನೆ. ಡೊಮೇನ್ ಯಾರ ಹೆಸರಿನಲ್ಲಿದೆ? ನಿಮ್ಮದಾ, ಆ ಹುಡುಗನದಾ? ಡಾಟ್ ಕಾಮ್‌ಗೆ ವರ್ಷಕ್ಕೆ ಸಾವಿರ, ಸಾವಿರದೈನೂರು ಆಗಬಹುದು. 6,000 ಅಂದರೆ ಉಳಿದಿದ್ದೆಲ್ಲ ಹೋಸ್ಟಿಂಗ್ ಮತ್ತು ಅವನ ಕೂಲಿ.

ಹ್ಯಾಂಡ್‌ಪೋಸ್ಟ್ ಬಂತು, ಇಳಿದು ಕಾಫಿ ಕುಡಿಯುತ್ತೇನೆ.

ಆಲ್ದೂರು_ತೋಟ | ಸೋಮವಾರ, ಬೆಳಿಗ್ಗೆ 8.15

ಯಾರ ಹೆಸರಿನಲ್ಲಿದೆ ಅನ್ನುವುದು ಗೊತ್ತಿಲ್ಲ ಅಣ್ಣ. ದುಡ್ಡು ಕಟ್ಟಿದ್ದು ನಾವು, ಹಾಗಾಗಿ ನಮ್ಮದೇ ಅಂದುಕೊಂಡಿದ್ದೆ. ನೋಡುವುದು ಹೇಗೆ?

ಮೂಡಿಗೆರೆ_ಟು_ಬೆಂಗಳೂರು | ಸೋಮವಾರ, ಬೆಳಿಗ್ಗೆ 8.40

‘ಹೂ ಈಸ್’ ಅಂತ ಹುಡುಕಿ, ಅಲ್ಲಿ ನಿಮ್ಮ ವಿಳಾಸ ಹಾಕಿ. ಯಾವ ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸಿಕೊಡುವ ಕಂಪನಿ) ಹತ್ತಿರ ಇದೆ, ಯಾವಾಗ ಮುಗಿಯುತ್ತದೆ ಅನ್ನುವುದು ಕಾಣುತ್ತದೆ. ಹೆಸರು ಕಾಣದೇ ಇರಬಹುದು, ಈಗೆಲ್ಲ ಖಾಸಗಿತನಕ್ಕೆ ಅಂತ ಮುಚ್ಚಿಡುತ್ತಾರೆ. ಆ ರಿಜಿಸ್ಟ್ರಾರ್ ಹತ್ತಿರ ಅಕೌಂಟ್, ಪಾಸ್‌ವರ್ಡ್ ಯಾರ ಕೈಲಿದೆಯೋ ಅವರದೇ ಹಿಡಿತ. ತೋಟದ ಕಂದಾಯ ನೀವು ಕಟ್ಟಿ ಪಹಣಿ ರೈಟರ್ ಹೆಸರಿನಲ್ಲಿದ್ದರೆ ಹೇಗಿರುತ್ತದೆ, ಹಾಗೆ.

ಕಡೂರು_ಕೊಬ್ಬರಿ | ಸೋಮವಾರ, ಬೆಳಿಗ್ಗೆ 11.05

ಬಿಟ್ಟರೆ ಏನಾಗುತ್ತದೆ ಅಂತ ನಾನು ಹೇಳುತ್ತೇನೆ. ನಮ್ಮದೊಂದು ಸಂಘ ಇದೆ, ಹೆಸರು ಬೇಡ. ಬೆಳ್ಳಿಹಬ್ಬಕ್ಕೆ ವೆಬ್‌ಸೈಟ್ ಮಾಡಿಸಿ, ಸ್ಮರಣ ಸಂಚಿಕೆಯ ಹಿಂದಿನ ರಕ್ಷಾಪುಟದಲ್ಲಿ ದಪ್ಪ ಅಕ್ಷರದಲ್ಲಿ ವಿಳಾಸ ಹಾಕಿದ್ದೆವು. ಆಮೇಲೆ ಕಾರ್ಯದರ್ಶಿ ಬದಲಾದರು. ಯಾರೂ ರಿನ್ಯೂ ಮಾಡಲಿಲ್ಲ. ಒಂದು ವರ್ಷ ಬಿಟ್ಟು ನೋಡಿದರೆ ಅದೇ ವಿಳಾಸದಲ್ಲಿ ರಮ್ಮಿ, ಬೆಟ್ಟಿಂಗ್! ನಮ್ಮ ಹಿರಿಯ ಸದಸ್ಯರೊಬ್ಬರು ಮೊಮ್ಮಗನಿಗೆ ಸಂಘದ ಫೋಟೋ ತೋರಿಸಲು ಹೋಗಿ ಗಾಬರಿಯಾಗಿ ನನಗೆ ಫೋನ್ ಮಾಡಿದರು. ಸಂಚಿಕೆ ಐನೂರು ಪ್ರತಿ ಮನೆಮನೆಯಲ್ಲಿದೆ. ಎಲ್ಲಿಂದ ವಾಪಸ್ ತರುವುದು?

ಮೂಡಿಗೆರೆ_ಟು_ಬೆಂಗಳೂರು | ಸೋಮವಾರ, ಮಧ್ಯಾಹ್ನ 1.20

ಹಳೇ ಹೆಸರಿಗೆ ಬೆಲೆ ಇರುವುದೇ ಅಲ್ಲಿ. ಎಷ್ಟೋ ಕಡೆ ಆ ಹೆಸರಿಗೆ ಲಿಂಕ್ ಇರುತ್ತದೆ, ಸರ್ಚ್ ಇಂಜಿನ್‌ಗಳಿಗೆ ಪರಿಚಯ ಇರುತ್ತದೆ. ಬೀಳುವ ಹೆಸರನ್ನೇ ಕಾಯುತ್ತ ಕೂರುವವರಿದ್ದಾರೆ.

ಡಾಟ್ ಕಾಮ್ ಲೆಕ್ಕ ಹೀಗೆ. ಮುಗಿಯುವ ಒಂದು ತಿಂಗಳ ಮೊದಲೊಮ್ಮೆ, ಒಂದು ವಾರದ ಮೊದಲೊಮ್ಮೆ ರಿಜಿಸ್ಟ್ರಾರ್ ನೆನಪಿನ ಮೇಲ್ ಕಳಿಸಲೇಬೇಕು. ಮುಗಿದ ಮೇಲೂ ಸಾಮಾನ್ಯವಾಗಿ ಕೆಲವು ದಿನ ಮಾಮೂಲಿ ಬೆಲೆಗೆ ರಿನ್ಯೂ ಮಾಡಲು ಬಿಡುತ್ತಾರೆ. ಅದೂ ದಾಟಿ ಅಳಿಸಿದರೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು, ದಂಡ ಜೋರಾಗೇ ಇರುತ್ತದೆ. ಆಮೇಲೆ 5 ದಿನ ಯಾರೂ ಮುಟ್ಟುವ ಹಾಗಿಲ್ಲ. ಆರನೇ ದಿನ ಊರ ಮಾಲು. ಆ ನೆನಪಿನ ಮೇಲ್ ಯಾರ ಇನ್‌ಬಾಕ್ಸಿಗೆ ಹೋಗುತ್ತದೆ ಅನ್ನುವುದೇ ಮುಖ್ಯ.

ಸಕಲೇಶಪುರ_ಅಕ್ಕ | ಸೋಮವಾರ, ಸಂಜೆ 6.50

ನಾನೂ ಹೋಂಸ್ಟೇ ನಡೆಸುವವಳೇ. ಎಂಟು ವರ್ಷವಾಯಿತು. ವೆಬ್‌ಸೈಟ್ ಯಾಕೆ ಅಂತ ನಾನೂ ಮಾಡಿಸಿರಲಿಲ್ಲ. ಒಂದು ಸೋಶಿಯಲ್ ಮೀಡಿಯಾ ಪೇಜಿನಲ್ಲೇ ಎಲ್ಲ. ಹನ್ನೊಂದು ಸಾವಿರ ಜನ ಫಾಲೋ ಮಾಡುತ್ತಿದ್ದರು. ಹೋದ ವರ್ಷ ಮಳೆಗಾಲದಲ್ಲಿ ಯಾರೋ ಪೇಜಿಗೆ ನುಗ್ಗಿ ಹೆಸರು ಬದಲಾಯಿಸಿ ಯಾವುದೋ ಕ್ರಿಪ್ಟೋ ಜಾಹೀರಾತು ಹಾಕಿದರು. ಕಂಪನಿಗೆ ಬರೆದೆ. ಮಷೀನ್ ಉತ್ತರ ಕೊಟ್ಟಿತು. ಮತ್ತೆ ಬರೆದೆ. ಅದೇ ಉತ್ತರ. ಮಾತಾಡಲು ಒಬ್ಬ ಮನುಷ್ಯ ಸಿಗಲಿಲ್ಲ. ಕೊನೆಗೆ ಪೇಜೇ ಮುಚ್ಚಿತು. ನಮ್ಮ ಮನೆಯವರು ‘ಇನ್ನೊಂದು ಶುರು ಮಾಡು’ ಅಂದರು, ಅಷ್ಟೇ ಸುಲಭ ಅನ್ನುವ ಹಾಗೆ. ಗೆಸ್ಟ್‌ಗಳು ಕಳಿಸಿದ ಫೋಟೋಗಳೆಲ್ಲ ಅಲ್ಲೇ ಇದ್ದವು.

ಬುಕಿಂಗ್ ಆಪ್‌ಗಳದು ಇನ್ನೊಂದು ಕಥೆ. ಗೆಸ್ಟ್ ನಮ್ಮ ಮನೆಯಲ್ಲಿ ಅಕ್ಕಿರೊಟ್ಟಿ ತಿಂದು ಹೋಗಿರುತ್ತಾರೆ. ಎರಡನೇ ಸಲ ಬರುವಾಗಲೂ ಆಪ್‌ನಲ್ಲೇ ಬರುತ್ತಾರೆ, ಆಪ್‌ನವರಿಗೆ ಮತ್ತೆ ಕಮಿಷನ್. ಈಗ ನಾನು ಒಂದು ಡಾಟ್ ಇನ್ ಹೆಸರು ತೆಗೆದುಕೊಂಡಿದ್ದೇನೆ. ಒಂದೇ ಪುಟ. ರೂಮಿನ ಬೀಗದ ಕೈ ಗೊಂಚಲಿಗೆ ಆ ವಿಳಾಸ ಕೆತ್ತಿಸಿದ್ದೇನೆ. ನಾಲ್ಕು ಜನ ಬೀಗದ ಕೈ ಸಮೇತ ಊರಿಗೆ ಹೋದರು, ಅದೂ ಒಂದು ಪ್ರಚಾರ ಅಂದುಕೊಂಡೆ!

ಬಿಎಂ_ರೋಡ್_ಹಾಸನ | ಸೋಮವಾರ, ರಾತ್ರಿ 8.30

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವನು. ವಿಳಾಸಕ್ಕೆ ಬೆಲೆ ಹೋಯಿತು ಅಂತ ಎಲ್ಲರೂ ಹೇಳುತ್ತಿದ್ದೀರಿ, ನಮ್ಮ ಕಡೆ ಉಲ್ಟಾ ಆಗಿದೆ. ಎಲ್ಲ ಬ್ಯಾಂಕುಗಳೂ ‘ಡಾಟ್ ಬ್ಯಾಂಕ್ ಡಾಟ್ ಇನ್’ ಅಂತ ಕೊನೆಯಾಗುವ ವಿಳಾಸಕ್ಕೆ ಬರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತು. 2025ರ ಅಕ್ಟೋಬರ್ 31 ಗಡುವು. ರಿಸರ್ವ್ ಬ್ಯಾಂಕ್ ಸ್ಥಾಪಿಸಿದ ಹೈದರಾಬಾದಿನ ಐಡಿಆರ್‌ಬಿಟಿ ಅನ್ನುವ ಸಂಸ್ಥೆ ಮಾತ್ರ ಆ ಹೆಸರು ಕೊಡುತ್ತದೆ, ಅದೂ ಬ್ಯಾಂಕುಗಳಿಗೆ ಮಾತ್ರ. ಜನ ಬ್ಯಾಂಕಿನ ಹೆಸರು ಹುಡುಕಿ ಮೊದಲು ಕಂಡ ಲಿಂಕ್ ಒತ್ತಿ, ಕಸ್ಟಮರ್ ಕೇರ್ ಅಂತ ಕಂಡ ನಂಬರಿಗೆ ಫೋನ್ ಮಾಡಿ ಓಟಿಪಿ ಕೊಟ್ಟು ದುಡ್ಡು ಕಳೆದುಕೊಳ್ಳುತ್ತಿದ್ದರು. ಈಗಲೂ ಕಳೆದುಕೊಳ್ಳುತ್ತಾರೆ, ಆದರೆ ಕೌಂಟರಿಗೆ ಬಂದ ಅಜ್ಜಿಗೆ ಹೇಳಲು ಒಂದು ಗುರುತಾದರೂ ಸಿಕ್ಕಿತು.

ನಾನು ಹೇಳಿಕೊಡುವುದು ಒಂದೇ. ವಿಳಾಸವನ್ನು ಹಿಂದಿನಿಂದ ಓದಿ. ಕಾಗದದ ಮೇಲೆ ನಾವು ಮನೆ, ಬೀದಿ, ಊರು, ಜಿಲ್ಲೆ ಅಂತ ಬರೆಯುವುದಿಲ್ವಾ, ಇಲ್ಲೂ ಹಾಗೇ. ಮೊದಲ ಒಂಟಿ ಓರೆ ಗೆರೆ (/) ಬರುವ ತನಕ ಇರುವುದರಲ್ಲಿ ಕೊನೆಯ ತುಂಡೇ ಜಿಲ್ಲೆ. ಮುಂದೆ ಬ್ಯಾಂಕಿನ ಹೆಸರನ್ನು ಯಾರು ಬೇಕಾದರೂ ಸೇರಿಸಿಕೊಳ್ಳಬಹುದು. ಮನೆಗೆ ‘ವಿಧಾನಸೌಧ’ ಅಂತ ಹೆಸರಿಟ್ಟ ಮಾತ್ರಕ್ಕೆ ಅದು ಬೆಂಗಳೂರಲ್ಲಿರುವುದಿಲ್ಲ. ಮುಳ್ಳಯ್ಯನಗಿರಿ ಕಡೆ ಗಾಡಿಗೆ ಆನ್‌ಲೈನ್ ಬುಕಿಂಗ್ ಮಾಡುವಾಗಲೂ ಅಷ್ಟೇ, ಕೊನೆಯಲ್ಲಿ ಜಿಓವಿ ಡಾಟ್ ಇನ್ ಅಥವಾ ಎನ್‌ಐಸಿ ಡಾಟ್ ಇನ್ ಇದೆಯಾ ನೋಡಿ ಅಂತ ಗೆಸ್ಟ್‌ಗಳಿಗೆ ಹೇಳಿ.

ಕೊಪ್ಪದ_ಮೇಷ್ಟ್ರು | ಮಂಗಳವಾರ, ಬೆಳಿಗ್ಗೆ 6.15

ಇಂಗ್ಲಿಷ್ ಸ್ಪೆಲ್ಲಿಂಗ್ ತಾಪತ್ರಯ ಇಷ್ಟೆಲ್ಲ ಇರುವಾಗ ಕನ್ನಡದಲ್ಲೇ ವಿಳಾಸ ಯಾಕೆ ಬೇಡ? ‘ಡಾಟ್ ಭಾರತ’ ಅಂತ ಕನ್ನಡ ಲಿಪಿಯಲ್ಲೇ ಬಾಲ ಇದೆ. ಚಿಕ್ಕಮಗಳೂರು ಅಂತ ಕನ್ನಡದಲ್ಲಿ ಬರೆಯಲು ಇರುವುದು ಒಂದೇ ದಾರಿ. 2014ರಲ್ಲಿ ಸರ್ಕಾರ ಬದಲಾಯಿಸಿದ್ದು ಇಂಗ್ಲಿಷ್ ಕಾಗುಣಿತವನ್ನು, ಕನ್ನಡದ್ದನ್ನಲ್ಲ.

ಮೂಡಿಗೆರೆ_ಟು_ಬೆಂಗಳೂರು | ಮಂಗಳವಾರ, ಬೆಳಿಗ್ಗೆ 8.05

ಮೇಷ್ಟ್ರೇ, ನನಗೂ ಆಸೆ ಇದೆ. ಕಷ್ಟ ಎಲ್ಲಿ ಅಂದರೆ, ಒಳಗೆ ಅದು ‘ಎಕ್ಸ್ ಎನ್’ ಅಂತ ಶುರುವಾಗುವ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಬದಲಾಗುತ್ತದೆ. ಕೆಲವು ಕಡೆ ಕಾಪಿ ಮಾಡಿ ಅಂಟಿಸಿದರೆ ಆ ಗೋಜಲೇ ಕಾಣುತ್ತದೆ, ನೋಡಿದವರು ವೈರಸ್ ಅಂದುಕೊಳ್ಳುತ್ತಾರೆ. ಕನ್ನಡದ ಇಮೇಲ್ ವಿಳಾಸವನ್ನು ಎಷ್ಟೋ ಫಾರ್ಮ್‌ಗಳು ತಪ್ಪು ಅಂತ ತಳ್ಳಿಬಿಡುತ್ತವೆ. ಕನ್ನಡ ಬಾರದ ಹೊರಗಿನ ಗೆಸ್ಟ್‌ಗೆ ಟೈಪ್ ಮಾಡಲೂ ಬರುವುದಿಲ್ಲ. ಇನ್ನೊಂದು, ನೀವು ‘ಹೋಂಸ್ಟೇ’ ಬರೆಯುತ್ತೀರಾ, ‘ಹೋಮ್‌ಸ್ಟೇ’ ಬರೆಯುತ್ತೀರಾ?

ಕೊಪ್ಪದ_ಮೇಷ್ಟ್ರು | ಮಂಗಳವಾರ, ಬೆಳಿಗ್ಗೆ 8.20

‘ತೋಟದ ಮನೆ’ ಅಂತ ಬರೆಯುತ್ತೇನೆ. ಟೈಪ್ ಮಾಡುವವರೇ ಇಲ್ಲ ಅಂತ ನೀವೇ ಹೇಳಿದಿರಿ. ಸ್ಕ್ಯಾನ್ ಮಾಡಿ ಬರುವವರಿಗೆ ಲಿಪಿ ಯಾವುದಾದರೇನು?

ಮೂಡಿಗೆರೆ_ಟು_ಬೆಂಗಳೂರು | ಮಂಗಳವಾರ, ಬೆಳಿಗ್ಗೆ 8.24

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಮೇಷ್ಟ್ರೇ.

ಆಲ್ದೂರು_ತೋಟ | ಮಂಗಳವಾರ, ರಾತ್ರಿ 10.00

ಹೂ ಈಸ್ ನೋಡಿದೆ. ಹೆಸರು ಮುಚ್ಚಿದೆ. ಆ ಹುಡುಗನಿಗೆ ಮೆಸೇಜ್ ಹಾಕಿದೆ. ಈಗ ಹುಡುಗ ಅಲ್ಲ, ಮದುವೆಯಾಗಿ ದುಬೈನಲ್ಲಿದ್ದಾನೆ. ‘ಅಕೌಂಟ್ ನನ್ನದು, ಅದರಲ್ಲಿ ಬೇರೆಯವರದೂ ಇದೆ, ಪಾಸ್‌ವರ್ಡ್ ಕೊಡಲು ಆಗಲ್ಲ’ ಅಂದ. ಹಾಗಾದರೆ ನಮ್ಮದು ನಮಗೆ ಕೊಡು ಅಂದೆ. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ.

ಈಗ ತಲೆಬಿಸಿ ಶುರುವಾಗಿದೆ. ಭಾನುವಾರ ಬಿಡಲು ತಯಾರಿದ್ದವನು ನಾನೇ. ಕಾಫಿ ಪುಡಿ ಕವರ್ ಮೂರು ಸಾವಿರ ಪ್ರಿಂಟ್ ಆಗಿ ಕೂತಿವೆ, ಅದರ ಮೇಲೂ ಇದೇ ವಿಳಾಸ. ಅಲ್ಲಿ ರಮ್ಮಿ ಬಂದರೆ?

ಗಿರಿ_ರೈಡರ್ | ಮಂಗಳವಾರ, ರಾತ್ರಿ 10.12

ಪುಡಿ ಜೊತೆ ರಮ್ಮಿ ಫ್ರೀ. ಸೇಲ್ ಜಾಸ್ತಿ ಆಗಬಹುದು ಮಾರಾಯ.

ಮೂಡಿಗೆರೆ_ಟು_ಬೆಂಗಳೂರು | ಬುಧವಾರ, ಬೆಳಿಗ್ಗೆ 7.45

ಜಗಳ ಬೇಡ. ಪಾಸ್‌ವರ್ಡ್ ಕೇಳಬೇಡಿ, ಅವನು ಹೇಳಿದ್ದು ನ್ಯಾಯವೇ. ಅದೇ ರಿಜಿಸ್ಟ್ರಾರ್ ಹತ್ತಿರ ನಿಮ್ಮ ಹೆಸರಿನಲ್ಲಿ ಒಂದು ಅಕೌಂಟ್ ತೆರೆಯಿರಿ. ಆ ಒಂದು ಡೊಮೇನ್ ಮಾತ್ರ ನಿಮ್ಮ ಅಕೌಂಟಿಗೆ ಸರಿಸಲು ಹೇಳಿ. ಎರಡು ನಿಮಿಷದ ಕೆಲಸ. ಬೇರೆ ರಿಜಿಸ್ಟ್ರಾರ್‌ಗೆ ಒಯ್ಯಬೇಕಾದರೆ ಲಾಕ್ ತೆಗೆದು ಟ್ರಾನ್ಸ್‌ಫರ್ ಕೋಡ್ ಕೊಡಬೇಕು. ಡಾಟ್ ಕಾಮ್ ಆದರೆ ಹಾಗೆ ಒಯ್ದಾಗ ಒಂದು ವರ್ಷ ಅವಧಿಯೂ ಸೇರುತ್ತದೆ. ಒಂದು ಎಚ್ಚರಿಕೆ, ಮೊದಲು ಮಾಲೀಕರ ಹೆಸರು ಬದಲಾಯಿಸಿ ಆಮೇಲೆ ಒಯ್ಯಲು ಹೋದರೆ 60 ದಿನ ತಡೆ ಬೀಳಬಹುದು. ನಿಮಗೆ ಅಷ್ಟು ದಿನ ಇಲ್ಲ.

ಕೈಗೆ ಬಂದ ಮೇಲೆ 6,000ದ ಹೋಸ್ಟಿಂಗ್ ಬೇಕಾಗಿಲ್ಲ. ಆ ವಿಳಾಸ ಹೊಡೆದವರು ನೇರವಾಗಿ ನಿಮ್ಮ ಮ್ಯಾಪ್ ಪುಟಕ್ಕೋ ವಾಟ್ಸಾಪ್‌ಗೋ ಹೋಗುವ ಹಾಗೆ ತಿರುಗಿಸಿಟ್ಟರೂ ಸಾಕು. ನಾಳೆ ಬೇರೆ ಯಾವುದೋ ಆಪ್ ಬಂದರೆ ಅತ್ತ ತಿರುಗಿಸಿ. ಕವರ್ ಮೇಲಿನ ಅಕ್ಷರ ಅದೇ ಇರುತ್ತದೆ. ಕ್ಯೂಆರ್ ಹಾಕುವುದಿದ್ದರೂ ನಿಮ್ಮ ಸ್ವಂತ ವಿಳಾಸವನ್ನೇ ಒಳಗಿಡಿ, ಹಾಸನದ ತಂಗಿಗೆ ಆದ ಹಾಗೆ ಆಗುವುದಿಲ್ಲ. ದೊಡ್ಡವರದ್ದೂ ಶಾಶ್ವತ ಅಲ್ಲ. ಬಿಸಿನೆಸ್ ಪ್ರೊಫೈಲ್ ಜೊತೆ ಗೂಗಲ್ ಕೊಡುತ್ತಿದ್ದ ಫ್ರೀ ವೆಬ್‌ಸೈಟ್‌ಗಳು 2024ರ ಮಾರ್ಚ್‌ನಲ್ಲಿ ನಿಂತವು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಸುಮಾರು ಆರು ಗಂಟೆ ಮಲಗಿದ್ದು ನೆನಪಿದೆಯಾ? ನೆಟ್‌ವರ್ಕಿನ ಒಂದು ತಪ್ಪು ಆದೇಶದಿಂದ ಅವರ ಹೆಸರು ಹೇಳುವ ಸರ್ವರ್‌ಗಳೇ ಯಾರಿಗೂ ಸಿಗದಂತಾದವು. ಅಂಥ ಕಂಪನಿಯ ಮನೆ ಹೆಸರೇ ಆವತ್ತು ಯಾರಿಗೂ ಗೊತ್ತಾಗಲಿಲ್ಲ!

ಬಿಎಂ_ರೋಡ್_ಹಾಸನ | ಬುಧವಾರ, ಬೆಳಿಗ್ಗೆ 9.10

ಅವನು ಕೊಡದೇ ಹೋದರೂ ದಾರಿ ಇದೆ. ಡೊಮೇನ್ ಬರೀ ವಿಳಾಸ ಅಲ್ಲ, ವ್ಯಾಪಾರದ ಗುರುತು ಕೂಡ ಅಂತ 2004ರಲ್ಲಿ ಸುಪ್ರೀಂ ಕೋರ್ಟ್ ಸತ್ಯಂ ಇನ್ಫೋವೇ ಕೇಸಿನಲ್ಲಿ ಹೇಳಿದೆ. ಆದರೆ ನಾಲ್ಕು ರೂಮಿಗೆ ಕೋರ್ಟ್ ಯಾಕೆ? ಇಷ್ಟು ವರ್ಷ ದುಡ್ಡು ಕಟ್ಟಿದ ಮೆಸೇಜ್‌ಗಳನ್ನು ಅಳಿಸಬೇಡಿ, ಅಷ್ಟು ಸಾಕು.

ಸಕಲೇಶಪುರ_ಅಕ್ಕ | ಬುಧವಾರ, ಬೆಳಿಗ್ಗೆ 9.30

ನಿಮ್ಮಪ್ಪನ ಹತ್ತಿರ ಮಾತಾಡಿಸಿ. ಆ ಹುಡುಗ ಅವರನ್ನು ‘ಅಂಕಲ್’ ಅಂತಿದ್ದನಲ್ವಾ? ನೀವು ಮಾತಾಡಿದರೆ ಕಸ್ಟಮರ್.

ಆಲ್ದೂರು_ತೋಟ | ಶನಿವಾರ, ಸಂಜೆ 7.20

ಅಕ್ಕ, ನೀವು ಹೇಳಿದ್ದೇ ಆಯಿತು. ಅಪ್ಪ ವಿಡಿಯೋ ಕಾಲ್ ಮಾಡಿದರು. ಅರ್ಧ ಗಂಟೆ ಅವನ ಮಗುವಿನ ಸುದ್ದಿ, ಈ ವರ್ಷ ಹಣ್ಣು ಕೊಯ್ಲಿಗೆ ಆಳು ಸಿಗುತ್ತಿಲ್ಲ ಅನ್ನುವ ಸುದ್ದಿ. ಡೊಮೇನ್ ಮಾತು ಕೊನೆಯ ಎರಡು ನಿಮಿಷ. ಕಾಲ್ ಕಟ್ ಆಗುವ ಮೊದಲೇ ನನ್ನ ಅಕೌಂಟಿಗೆ ಬಂತು. ಮೂರು ವರ್ಷಕ್ಕೆ ಕಟ್ಟಿದೆ. ಈಗ ಸದ್ಯಕ್ಕೆ ವಾಟ್ಸಾಪ್‌ಗೆ ತಿರುಗಿಸಿಟ್ಟಿದ್ದೇನೆ. ಅವನಿಗೆ ಎರಡು ಕೆಜಿ ಪುಡಿ ಕಳಿಸಬೇಕಂತೆ, ಅಪ್ಪನ ಆರ್ಡರ್.

ಮೇಷ್ಟ್ರೇ, ‘ತೋಟದ ಮನೆ’ ಹೆಸರಿನಲ್ಲಿ ಡಾಟ್ ಭಾರತ ಸಿಗುತ್ತದಾ ಅಂತ ಈ ವಾರ ನೋಡುತ್ತೇನೆ.

ಆಮೇಲೆ ಇನ್ನೊಂದು. ಮಧ್ಯಾಹ್ನ ಗೇಟಿನ ಹತ್ತಿರ ಏಣಿ ಇತ್ತು. ಹೋಗಿ ನೋಡಿದರೆ ಅಪ್ಪ ಬೋರ್ಡಿನ ಮೇಲೆ ಚಾಕುವಿನಲ್ಲಿ ಅಲ್ಪವಿರಾಮದ ಬಾಲ ಕೆರೆಯುತ್ತಿದ್ದರು.

ಗಿರಿ_ರೈಡರ್ | ಶನಿವಾರ, ಸಂಜೆ 7.41

ಪುಡಿ ಕೆಜಿಗೆ ಎಷ್ಟು? ಚಿಕೋರಿ ಬೇಡ.